ಮೂನ್ ಕ್ಲಿಪ್: ಒಂದೇ ಹೆಸರು, ಎರಡು ಕಥೆ

ರಿವಾಲ್ವರ್ ಹುಚ್ಚಿನವರು ನಾಲ್ಕು ಜನ ಸೇರಿದರೆ ಮೂನ್ ಕ್ಲಿಪ್ ಮಾತು ಬಂದೇ ಬರುತ್ತದೆ. ‘ಸಿಲಿಂಡರ್ ಸ್ವಲ್ಪ ಕೊರೆಸಿ ಹಾಕಿಸಿಬಿಡು, ಏನೂ ಆಗಲ್ಲ’ ಅನ್ನುತ್ತಾನೆ ಒಬ್ಬ. ‘ಮುಟ್ಟಬೇಡ, ಸಿಡಿದೀತು’ ಅನ್ನುತ್ತಾನೆ ಇನ್ನೊಬ್ಬ. ತಮಾಷೆ ಏನೆಂದರೆ ಇಬ್ಬರ ಮಾತೂ ಸರಿ. ಅವರ ತಲೆಯಲ್ಲಿರುವ ಕೆಲಸ ಬೇರೆ ಬೇರೆ, ಹೆಸರು ಮಾತ್ರ ಒಂದೇ.

ಕ್ಲಿಪ್ ಅಂದರೆ ಉಕ್ಕಿನ ಒಂದು ತೆಳು ತಗಡು. ದುಂಡಗಿರುತ್ತದೆ, ಅಂಚಿನ ಸುತ್ತ ಆರು ಕಚ್ಚುಗಳು. ಒಂದೊಂದು ಕಚ್ಚಿಗೂ ಒಂದೊಂದು ತೋಟಾದ ಬುಡ ಸಿಕ್ಕಿಸಿದರೆ ಆರೂ ಒಂದು ಗೊಂಚಲಾಗುತ್ತವೆ. ಗೊಂಚಲನ್ನು ಹಾಗೇ ಸಿಲಿಂಡರಿಗೆ, ಅಂದರೆ ರಿವಾಲ್ವರಿನ ತಿರುಗುವ ತೋಟಾ ಗೂಡಿಗೆ, ಇಳಿಸಿದರೆ ಮುಗಿಯಿತು. ಹಾರಿಸಿದ ಮೇಲೆ ಖಾಲಿ ತೋಟಾಗಳೂ ಗೊಂಚಲಾಗಿಯೇ ಹೊರಬೀಳುತ್ತವೆ.

ಇದು ಹುಟ್ಟಿದ್ದು ವೇಗಕ್ಕಲ್ಲ, ಅಭಾವಕ್ಕೆ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಸೈನ್ಯದ ಪಿಸ್ತೂಲು ಎಂ1911. ಅದನ್ನು ಬೇಕಾದಷ್ಟು ಬೇಗ ಮಾಡಿ ಮುಗಿಸಲು ಆಗಲಿಲ್ಲ. ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ಕಾರ್ಖಾನೆಗಳಲ್ಲಿ ದೊಡ್ಡ ರಿವಾಲ್ವರ್‌ಗಳು ತಯಾರಾಗುತ್ತಿದ್ದವು. ಅವನ್ನೇ ಪಿಸ್ತೂಲಿನ .45 ಎಸಿಪಿ ತೋಟಾಕ್ಕೆ ಹೊಂದಿಸಿಕೊಡಿ ಎಂದಿತು ಸೈನ್ಯ.

ತೊಡಕು ಇದ್ದದ್ದು ತೋಟಾದ ಬುಡದಲ್ಲಿ. ರಿವಾಲ್ವರ್ ತೋಟಾದ ಬುಡಕ್ಕೆ ಹೊರಚಾಚಿದ ಅಂಚು ಇರುತ್ತದೆ. ತೋಟಾ ಒಳಗೆ ಜಾರದಂತೆ ತಡೆಯುವುದು ಆ ಅಂಚೇ. ಖಾಲಿಯಾದ ಮೇಲೆ ಹೊರಗೆ ತಳ್ಳುವ ನಕ್ಷತ್ರದಂಥ ಭಾಗಕ್ಕೂ ಅದೇ ಹಿಡಿ. ಪಿಸ್ತೂಲ್ ತೋಟಾಕ್ಕೆ ಈ ಅಂಚೇ ಇಲ್ಲ. ಮೂರು ಮೂರು ತೋಟಾ ಹಿಡಿಯುವ ಅರ್ಧಚಂದ್ರದ ಕ್ಲಿಪ್ ಆ ಅಂಚಿನ ಜಾಗ ತುಂಬಿತು. ಸ್ಮಿತ್ ಅಂಡ್ ವೆಸನ್ ಇದನ್ನು ರೂಪಿಸಿತು. ಸೈನ್ಯ ಕೇಳಿಕೊಂಡಿತೆಂದು ಕೋಲ್ಟ್‌ಗೂ ಬಿಟ್ಟುಕೊಟ್ಟಿತು. ಎರಡೂ ಕಂಪನಿ ಸೇರಿ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು ಮೂರು ಲಕ್ಷ ರಿವಾಲ್ವರ್ ಮಾಡಿದ್ದವು.

ಕ್ಲಿಪ್ ಕಳೆದುಹೋದರೆ? ಸ್ಮಿತ್ ಅಂಡ್ ವೆಸನ್‌ನಲ್ಲಿ ತೋಟಾದ ಬಾಯಿ ತಾಗಿ ನಿಲ್ಲಲು ಸಿಲಿಂಡರಿನ ತೂತಿನ ಒಳಗೊಂದು ಮೆಟ್ಟಿಲು ಇತ್ತು. ಕ್ಲಿಪ್ ಇಲ್ಲದೆಯೂ ಹಾರಿಸಬಹುದಿತ್ತು, ಆದರೆ ಖಾಲಿ ತೋಟಾಗಳನ್ನು ಕಡ್ಡಿಯಿಂದ ಒಂದೊಂದೇ ನೂಕಿ ತೆಗೆಯಬೇಕು. ಮೊದಮೊದಲ ಕೋಲ್ಟ್‌ಗಳಲ್ಲಿ ಆ ಮೆಟ್ಟಿಲೂ ಇರಲಿಲ್ಲ. ತೋಟಾ ಸುಮ್ನೆ ಒಳಗೆ ಜಾರಿ ಕೂರುತ್ತಿತ್ತು.

1920ರಲ್ಲಿ ಪೀಟರ್ಸ್ ಕಂಪನಿ ಇದೇ ತೋಟಾಕ್ಕೆ ದಪ್ಪ ಅಂಚು ಕೂರಿಸಿ .45 ಆಟೋ ರಿಮ್ ಅಂತ ಮಾರುಕಟ್ಟೆಗೆ ಬಿಟ್ಟಿತು. ಇನ್ನು ಕ್ಲಿಪ್ಪಿನ ಉಸಾಬರಿ ಬೇಡ ಅನ್ನುವುದು ಲೆಕ್ಕಾಚಾರ. ಈ ತೋಟಾವನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತದೆ.

ಅಲ್ಲಿಂದ ಕೆಲವು ದಶಕ ದೊಡ್ಡ ಸುದ್ದಿಯೇನಿಲ್ಲ. ಆಮೇಲೆ ಆರೂ ತೋಟಾ ಹಿಡಿಯುವ ಪೂರ್ಣಚಂದ್ರ ಬಂತು. 1980ರ ದಶಕದ ಕೊನೆಗೆ ಸ್ಮಿತ್ ಅಂಡ್ ವೆಸನ್ 625 ಎಂಬ .45 ಎಸಿಪಿ ರಿವಾಲ್ವರ್ ಬಂತು. ಜೊತೆಗೆ ಗಡಿಯಾರ ಹಿಡಿದು ಆಡುವ ಶೂಟಿಂಗ್ ಸ್ಪರ್ಧೆಗಳು. 1999ರಲ್ಲಿ ಅಮೆರಿಕದ ಶೂಟರ್ ಜೆರ್ರಿ ಮಿಕ್ಯುಲೆಕ್ ಆರು ಹಾರಿಸಿ, ತುಂಬಿ, ಮತ್ತೆ ಆರು ಹಾರಿಸಿದರು. ಒಟ್ಟು 2.99 ಸೆಕೆಂಡು. ಅವರ ಕೈಯಲ್ಲಿದ್ದದ್ದು 625. ಕೊರತೆ ನೀಗಲು ಬಂದ ತಗಡು ಈಗ ಎಲ್ಲರಿಗೂ ಬೇಕಾಯಿತು.

‘ಕೊರೆಸಿಬಿಡು’ ಅನ್ನುವವನ ಕಥೆ ಇಲ್ಲಿಂದ ಶುರು. .38, .357 ತೋಟಾಗಳಿಗೆ ಅಂಚು ಇದ್ದೇ ಇದೆ, ಕ್ಲಿಪ್ಪಿನ ಅಗತ್ಯವೇ ಇಲ್ಲ. ಬೇಕಾಗಿರುವುದು ವೇಗ ಮಾತ್ರ. ನುರಿತ ಬಂದೂಕು ಮೇಸ್ತ್ರಿ ಸಿಲಿಂಡರಿನ ಹಿಂಬದಿಯಲ್ಲಿ ಕ್ಲಿಪ್ ಕೂರುವಷ್ಟೇ ಆಳಕ್ಕೆ ಕಡೆಯುತ್ತಾನೆ. ಕೆಲಸ ನೆಟ್ಟಗಾದರೆ ಹಳೆಯ ತೋಟಾವನ್ನು ಕ್ಲಿಪ್ ಇಲ್ಲದೆಯೂ ಹಾರಿಸಬಹುದು. ತೋಟಾ ಬದಲಾಗಿಲ್ಲ, ಒತ್ತಡವೂ ಬದಲಾಗಿಲ್ಲ.

ಹಾಗಂತ ರಗಳೆ ಇಲ್ಲ ಅಂತಲ್ಲ. ತಗಡು ಕೂದಲೆಳೆಯಷ್ಟು ಬಾಗಿದರೂ ತೋಟಾದ ಬುಡ ಹಿಂದಿನ ಗೋಡೆಗೆ ಉಜ್ಜುತ್ತದೆ, ಟ್ರಿಗರ್ ಭಾರವಾಗುತ್ತದೆ, ಸಿಲಿಂಡರ್ ತಿರುಗದೆ ಕೂರುತ್ತದೆ. ಅದಕ್ಕೇ ಸ್ಪರ್ಧೆಗೆ ಹೋಗುವವರು ಪ್ರತಿ ಕ್ಲಿಪ್ಪನ್ನೂ ಸಿಲಿಂಡರಿಗೆ ಇಟ್ಟು ಒಂದು ಸುತ್ತು ತಿರುಗಿಸಿ ನೋಡಿಯೇ ಸೊಂಟಕ್ಕೆ ಸಿಕ್ಕಿಸುವುದು. ತೋಟಾದ ಬ್ರ್ಯಾಂಡ್ ಬದಲಾದರೆ ಬುಡದ ಸುತ್ತಲಿನ ತೋಡಿನ ಅಳತೆಯೂ ಚೂರು ಬದಲಾಗುತ್ತದೆ, ಗೊಂಚಲು ಲೊಡಲೊಡ ಅನ್ನುತ್ತದೆ. ಉದ್ದ ತೋಟಾದಲ್ಲಿ ಈ ಅಲ್ಲಾಟ ಜಾಸ್ತಿ. ಎಂಟು ಗುಂಡಿನ .357 ರಿವಾಲ್ವರ್ ಇಟ್ಟುಕೊಂಡವರು ಗಿಡ್ಡ .38 ಶಾರ್ಟ್ ಕೋಲ್ಟ್ ಬಳಸುವುದು ಇದಕ್ಕೇ.

ನಮ್ಮ ದೇಶದ ರೇಂಜುಗಳಲ್ಲಿ ಈ ಗಡಿಬಿಡಿ ಕಾಣುವುದಿಲ್ಲ. 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಯಲ್ಲಿ ಐದೈದು ಗುಂಡಿನ ಸರಣಿ, ಮಧ್ಯೆ ತುಂಬಿಕೊಳ್ಳಲು ಪುರುಸೊತ್ತು ಇರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೇರೆ ಇದೆ. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಇದ್ದ ಮಾತ್ರಕ್ಕೆ ಅದನ್ನು ಮಾರ್ಪಡಿಸುವ ಕೆಲಸ ಯಾರು ಬೇಕಾದರೂ ಮಾಡುವಂತಿಲ್ಲ, ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು.

ಇನ್ನು ‘ಸಿಡಿದೀತು’ ಅಂದವನ ಕಥೆ. ನನ್ನನ್ನು ಕೇಳಿದರೆ ಕಿವಿಗೊಟ್ಟು ಕೇಳಬೇಕಾದ್ದು ಇದೇ.

ವೆಬ್ಲಿ ಎಂಬ ಬ್ರಿಟಿಷ್ ರಿವಾಲ್ವರ್ ನಮಗೆ ಅಪರಿಚಿತವೇನಲ್ಲ. ಕಾನ್ಪುರದಲ್ಲಿ ತಯಾರಾದ ಸರ್ಕಾರಿ .32 ರಿವಾಲ್ವರ್ ವೆಬ್ಲಿ ಮಾರ್ಕ್ 4ರ ಮಾದರಿಯದೇ. ಅದರ ಅಣ್ಣ ಮಾರ್ಕ್ 6, 1915ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂತು. ನಳಿಗೆಯನ್ನು ಕೆಳಕ್ಕೆ ಮಡಚಿದರೆ ಆರೂ ಖಾಲಿ ತೋಟಾ ತಾವಾಗಿ ಮೇಲೇಳುತ್ತವೆ. ತೋಟಾ .455, ದಪ್ಪ, ನಿಧಾನಗತಿಯದು, ಒತ್ತಡ ಕಡಿಮೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬೇಡವಾದ ವೆಬ್ಲಿಗಳು ರಾಶಿರಾಶಿಯಾಗಿ ಅಮೆರಿಕದ ಅಂಗಡಿ ಸೇರಿದವು. ಅಲ್ಲಿ .455 ಸಿಗುವುದು ಕಷ್ಟ, .45 ಎಸಿಪಿ ಬೇಕಾದಷ್ಟು. ಸಿಲಿಂಡರಿನ ಹಿಂಬದಿಯನ್ನು ತುಸು ಸವೆಸಿ, ಅರ್ಧಚಂದ್ರ ಕ್ಲಿಪ್ ಜೊತೆಗೆ ಕೊಟ್ಟು ಮಾರಿದರು. ಕೊಂಡವನಿಗೆ ಅಗ್ಗದ ಬಂದೂಕು, ಮಾರಿದವನಿಗೆ ಸಲೀಸು ವ್ಯಾಪಾರ. 1968ರ ಕಾನೂನು ಹಳೆಯ ಸೇನಾ ಬಂದೂಕುಗಳ ಆಮದಿಗೆ ತಡೆ ಹಾಕುವವರೆಗೂ ನಡೆಯಿತು.

.45 ಎಸಿಪಿಗೆ ಗೊತ್ತುಮಾಡಿದ ಗರಿಷ್ಠ ಒತ್ತಡ ಚದರ ಇಂಚಿಗೆ 21,000 ಪೌಂಡು. ಕಾರ್ಖಾನೆಯಲ್ಲಿ ವೆಬ್ಲಿಯ ಗಟ್ಟಿತನ ನೋಡಲು ಒಂದು ಸಲ ಹಾರಿಸುತ್ತಿದ್ದ ಭಾರಿ ತೋಟಾದ ಆಸುಪಾಸಿನ ಒತ್ತಡ ಇದು. ಪರೀಕ್ಷೆಗೆ ಒಮ್ಮೆ ತಿನ್ನಿಸಿದ ಪೆಟ್ಟನ್ನು ದಿನಾ ತಿನ್ನಿಸಿದ ಹಾಗಾಯಿತು ಅಲ್ವಾ? ತೋಟಾ ಅಳತೆಗೆ ಸರಿಯಾಗಿ ಕೂರುತ್ತದೆ, ಹತ್ತು ಸಲ ಸರಿಯಾಗಿಯೇ ಹಾರುತ್ತದೆ. ಅದೇ ಮೋಸ. ಸಿಲಿಂಡರ್ ಬಿರಿದ ವೆಬ್ಲಿಗಳಿವೆ.

ಸವೆಸಿದ ಉಕ್ಕು ವಾಪಸ್ ಬರುವುದಿಲ್ಲ. ಅಂಥ ಸಿಲಿಂಡರಿಗೆ .455 ಹಾಕಿದರೆ ಹಿಂದೆ ಮುಂದೆ ಆಡುತ್ತದೆ. ಅದಕ್ಕೇ ಬಲ್ಲವರು ಮನೆಯಲ್ಲೇ ಮದ್ದು ಕಡಿಮೆ ತುಂಬಿ ತಮ್ಮ ತೋಟಾ ತಾವೇ ಕಟ್ಟಿಕೊಳ್ಳುತ್ತಾರೆ. ಅದಕ್ಕೆ ಅವರು ಆರಿಸಿಕೊಳ್ಳುವುದು ದಪ್ಪ ಅಂಚಿನ .45 ಆಟೋ ರಿಮ್. ಕ್ಲಿಪ್ಪಿಗೆಂದೇ ಕೊಯ್ದ ಬಂದೂಕಿಗೆ, ಕ್ಲಿಪ್ ಬೇಡವೆಂದು 1920ರಲ್ಲಿ ಹುಟ್ಟಿದ ತೋಟಾ.