ಹಳೇ ಜೀಪಿನ ಹೊಟ್ಟೆಯಡಿಯ ರೇಖಾಗಣಿತ

ನಮ್ಮ ಹಳೇ ಜೀಪುಗಳ ಎತ್ತರದ ಬಾನೆಟ್ ಹುಟ್ಟಿದ್ದೇ ಒಂದು ಎಂಜಿನ್ ಬದಲಾವಣೆಯಿಂದ. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಸಿಜೆ-3ಬಿ ಮಾದರಿಯನ್ನು ತರುವಾಗ ಹಿಂದಿನ ಜೀಪಿಗೆ ಹೊಸ ಎಫ್-ಹೆಡ್ ಪೆಟ್ರೋಲ್ ಎಂಜಿನ್ ಕೂರಿಸಿತು. ಅದು ಹಳೆಯದಕ್ಕಿಂತ ಎತ್ತರದ ಎಂಜಿನ್; ಹಳೇ ಬಾನೆಟ್ಟಿನಡಿ ಹಿಡಿಸಲಿಲ್ಲ. ಹಾಗಾಗಿ ಬಾನೆಟ್ಟನ್ನೂ ಗ್ರಿಲ್ಲನ್ನೂ ಮೇಲೆತ್ತಿದರು. ಅದೇ ಮಾದರಿಯನ್ನು ಮಹೀಂದ್ರಾ ಪರವಾನಗಿ ಪಡೆದು ಇಲ್ಲಿ ವರ್ಷಗಟ್ಟಲೆ ತಯಾರಿಸಿತು. ಮುಂದೆ ಅದೇ ಕಂಪನಿಯ ಜೀಪುಗಳಿಗೆ ಪ್ಯೂಜೋ ಮೂಲದ 2112 ಸಿಸಿ ಡೀಸೆಲ್ ಎಂಜಿನ್ ಬಂತು. ಅಂದರೆ ಈ ಗಾಡಿಯ ವಂಶದಲ್ಲೇ ಭಾಗ ಬದಲಿಸುವ ಗುಣವಿದೆ.

ಆ ಗುಣ ಮಲೆನಾಡಿನಲ್ಲಿ ಇನ್ನೂ ಜೀವಂತವಾಗಿದೆ. ಕೊಡಚಾದ್ರಿ, ಮಾಂದಲಪಟ್ಟಿಯ ದಾರಿಗಳಲ್ಲಿ ಪ್ರವಾಸಿಗರನ್ನು ಹೊತ್ತು ಹತ್ತುವ ಜೀಪುಗಳು, ಸಕಲೇಶಪುರ, ಕೊಡಗಿನ ಕಾಫಿ ತೋಟಗಳಲ್ಲಿ ಗೊಬ್ಬರ ಸಾಗಿಸುವ ಜೀಪುಗಳು ದಶಕಗಳಿಂದ ಓಡುತ್ತಿವೆ. ಒಂದಕ್ಕೆ ಬೇರೆ ಗಾಡಿಯ ಗೇರ್ ಬಾಕ್ಸ್, ಇನ್ನೊಂದಕ್ಕೆ ಗುಜರಿಯಿಂದ ತಂದ ಹಿಂದಿನ ಹೌಸಿಂಗ್ (ಎರಡು ಚಕ್ರಗಳ ನಡುವೆ ಆಕ್ಸಲ್ಲನ್ನು ಹೊತ್ತ ಕವಚ), ಮತ್ತೊಂದಕ್ಕೆ ಎತ್ತರಿಸಿದ ಸ್ಪ್ರಿಂಗ್ ಪಟ್ಟಿ. ಬೋಲ್ಟ್ ತೂತು ಹೊಂದಿತು, ಗಾಡಿ ಓಡಿತು, ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಎಂಜಿನ್ನಿನಿಂದ ಚಕ್ರದವರೆಗಿನ ಸಾಲಿನಲ್ಲಿ ಒಂದು ಭಾಗ ಬದಲಾದರೂ ಉಳಿದವುಗಳ ಕೋನ, ಅನುಪಾತ, ನೇರ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು. ಆ ಲೆಕ್ಕ ಹೈಸ್ಕೂಲಿನ ತ್ರಿಕೋನಮಿತಿಗಿಂತ ಕಷ್ಟದ್ದೇನಲ್ಲ. ಅದನ್ನು ಬಿಟ್ಟರೆ ಮಾತ್ರ ಜೀಪು ಮೂರು ತಿಂಗಳಿಗೊಂದು ಕ್ರಾಸ್, ಅಂದರೆ ಶಾಫ್ಟಿನ ಜಾಯಿಂಟಿನ ಬಿಡಿಭಾಗ, ಕೇಳುತ್ತದೆ.

ಕ್ರಾಸಿನಿಂದಲೇ ಶುರು ಮಾಡೋಣ. ಟ್ರಾನ್ಸ್‌ಫರ್ ಕೇಸ್ (ಗೇರ್ ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಡಬ್ಬಿ) ಚಾಸಿಗೆ ಗಟ್ಟಿಯಾಗಿ ಕೂತಿರುತ್ತದೆ, ಹಿಂದಿನ ಹೌಸಿಂಗ್ ಪಟ್ಟಿಗಳ ಮೇಲೆ ಕುಣಿಯುತ್ತಿರುತ್ತದೆ. ಇವೆರಡನ್ನು ಜೋಡಿಸುವ ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿಯೂ ತಿರುಗಬೇಕು. ಅದಕ್ಕಾಗಿ ಎರಡೂ ತುದಿಯಲ್ಲಿ ಕವಲಿನಂಥ ಯೋಕ್‌ಗಳು, ಅವುಗಳ ನಡುವೆ ನಾಲ್ಕು ಕೈಗಳ ಕ್ರಾಸ್. ಈ ಜೋಡಣೆಗೆ 16ನೇ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೋ ಹೆಸರು ಅಂಟಿಕೊಂಡಿದೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಇದನ್ನು ಅಧ್ಯಯನ ಮಾಡಿದ. ಮೋಟಾರು ಗಾಡಿಗೆ ಒಗ್ಗುವಂತೆ ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. ನಮ್ಮ ಮೆಕ್ಯಾನಿಕ್‌ಗಳು ಸ್ಪೈಸರ್ ಕ್ರಾಸ್, ಸ್ಪೈಸರ್ ಹೌಸಿಂಗ್ ಎನ್ನುವುದು ಈತನ ಕಂಪನಿಯಿಂದಲೇ ಬಂದ ಹೆಸರು.

ಈ ಜೋಡಣೆಗೆ ಹುಟ್ಟಿನಿಂದಲೇ ಬಂದ ಒಂದು ದೋಷವಿದೆ. ಕ್ರಾಸಿನ ಎರಡು ಕೈಗಳು ಒಂದು ಶಾಫ್ಟಿಗೆ ಲಂಬವಾದ ಸಮತಲದಲ್ಲಿ ವೃತ್ತ ಬರೆಯುತ್ತವೆ, ಉಳಿದೆರಡು ಇನ್ನೊಂದು ಶಾಫ್ಟಿಗೆ ಲಂಬವಾದ ಸಮತಲದಲ್ಲಿ. ಎರಡು ಸಮತಲಗಳೂ ಒಂದಕ್ಕೊಂದು ವಾಲಿವೆ. ವಾಲಿದ ವೃತ್ತವನ್ನು ನೇರವಾಗಿ ನೋಡಿದರೆ ಅಂಡಾಕಾರವಾಗಿ ಕಾಣುತ್ತದೆ. ಒಂದು ಕಡೆಯ ಸಮಸಮ ತಿರುಗು ಇನ್ನೊಂದು ಕಡೆ ಸಮವಾಗಿ ಬೀಳುವುದಿಲ್ಲ. ಹಾಗಾಗಿ ಒಳಬರುವ ಶಾಫ್ಟ್ ಎಷ್ಟೇ ಸ್ಥಿರವಾಗಿ ತಿರುಗಿದರೂ ಹೊರಹೋಗುವ ಶಾಫ್ಟ್ ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಏರಿಳಿತ ಎಷ್ಟು ಎಂಬುದನ್ನು ಕೋನದ ಕೊಸೈನ್ ಹೇಳುತ್ತದೆ. ಕೋನ 10 ಡಿಗ್ರಿ ಇದ್ದರೆ ವೇಗ ಸುಮಾರು 0.985 ಪಟ್ಟಿನಿಂದ 1.015 ಪಟ್ಟಿನವರೆಗೆ ತೂಗಾಡುತ್ತದೆ, ಒಟ್ಟು ಶೇ. 3. ಕೋನ ಇಮ್ಮಡಿಯಾಗಿ 20 ಡಿಗ್ರಿ ಆದರೆ ತೂಗಾಟ ಇಮ್ಮಡಿಯಾಗುವುದಿಲ್ಲ, ಶೇ. 12 ದಾಟುತ್ತದೆ. ಕೋನ ಎರಡು ಪಟ್ಟಾದರೆ ತೊಂದರೆ ನಾಲ್ಕು ಪಟ್ಟು. ಹಳೇ ಜೀಪನ್ನು ಎತ್ತರಿಸುವ ಪ್ರತಿಯೊಬ್ಬರೂ ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು.

ಒಂದು ಕ್ರಾಸ್ ಎಬ್ಬಿಸಿದ ಏರಿಳಿತವನ್ನು ಇನ್ನೊಂದು ಕ್ರಾಸ್ ಅಳಿಸಬಲ್ಲದು ಎಂಬುದೇ ಇದಕ್ಕೆ ಪರಿಹಾರ. ಅದಕ್ಕೆ ಎರಡು ಷರತ್ತುಗಳು. ಎರಡೂ ತುದಿಯ ಕೋನಗಳು ಸಮವಿರಬೇಕು, ಎಂದರೆ ಟ್ರಾನ್ಸ್‌ಫರ್ ಕೇಸಿನ ಶಾಫ್ಟೂ ಹೌಸಿಂಗಿನ ಪಿನಿಯನ್ನೂ (ಹೌಸಿಂಗಿನೊಳಗೆ ಶಾಫ್ಟ್ ತಿರುಗಿಸುವ ಚಿಕ್ಕ ಹಲ್ಲುಗಾಲಿ) ಒಂದಕ್ಕೊಂದು ಸಮಾಂತರವಾಗಿರಬೇಕು. ಜೊತೆಗೆ ನಡುವಿನ ಕೊಳವೆಯ ಎರಡೂ ಯೋಕ್‌ಗಳ ಕಿವಿಗಳು ಒಂದೇ ನೇರದಲ್ಲಿರಬೇಕು. ಎರಡನೆಯದು ತಪ್ಪುವುದು ತೀರ ಸುಲಭ. ಶಾಫ್ಟ್ ಉದ್ದ-ಗಿಡ್ಡವಾಗಲು ಬಿಡುವ ಹಲ್ಲಿನ ಸ್ಲಿಪ್ ಜಾಯಿಂಟ್ ಬಿಚ್ಚಿ ಮತ್ತೆ ತೂರಿಸುವಾಗ ಹಲ್ಲು ತಪ್ಪಿ ಕೂತರೆ ಲೆಕ್ಕ ಕೆಡುತ್ತದೆ; ಕಾಲು ಸುತ್ತು ತಪ್ಪಿದರಂತೂ ಎರಡನೇ ಕ್ರಾಸ್ ಮೊದಲನೆಯದನ್ನು ಅಳಿಸುವ ಬದಲು ಕೂಡಿಸುತ್ತದೆ. ತಯಾರಕರು ಅಲ್ಲಿ ಬಾಣದ ಗುರುತು ಕೊರೆದಿರುತ್ತಾರೆ. ಗುರುತಿನ ಮೇಲೆ ಗ್ರೀಸು, ಮಣ್ಣು ಕೂತಿದ್ದರೆ ಬಿಚ್ಚುವ ಮೊದಲು ನಾವೇ ಪೇಂಟಿನಲ್ಲಿ ಗೆರೆ ಎಳೆದುಕೊಳ್ಳಬೇಕು.

ಸಿಜೆ-3ಬಿಯ ವೀಲ್ ಬೇಸ್ (ಮುಂದಿನ, ಹಿಂದಿನ ಆಕ್ಸಲ್ಲುಗಳ ನಡುವಿನ ಅಂತರ) 80 ಇಂಚು, ಎರಡು ಮೀಟರಿಗಿಂತ ತುಸು ಹೆಚ್ಚು ಅಷ್ಟೇ. ಅದರಲ್ಲಿ ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಕೂತ ಮೇಲೆ ಹಿಂದಿನ ಶಾಫ್ಟಿಗೆ ಉಳಿಯುವ ಜಾಗ ಕಡಿಮೆ. ಶಾಫ್ಟ್ ಅರ್ಧ ಮೀಟರ್ ಉದ್ದವಿದೆ ಎಂದಿಟ್ಟುಕೊಳ್ಳಿ. ಗಾಡಿಯನ್ನು 75 ಮಿಲಿಮೀಟರ್, ಅಂದರೆ ಮೂರು ಇಂಚು ಎತ್ತರಿಸಿದರೆ ಕೋನಕ್ಕೆ ಎಂಟು ಡಿಗ್ರಿಗೂ ಹೆಚ್ಚು ಸೇರುತ್ತದೆ. ಶಾಫ್ಟ್ ಒಂದು ಮೀಟರ್ ಇರುವ ಉದ್ದನೆಯ ಗಾಡಿಯಲ್ಲಿ ಅದೇ ಎತ್ತರಕ್ಕೆ ನಾಲ್ಕು ಡಿಗ್ರಿ ಸಾಕು. ಮೊದಲೇ ಎಂಟು ಡಿಗ್ರಿ ಇದ್ದ ಗಿಡ್ಡ ಜೀಪು ಹದಿನಾರು ದಾಟಿತೆಂದರೆ ಏರಿಳಿತ ಶೇ. 2ರಿಂದ 8ಕ್ಕೆ ಜಿಗಿಯುತ್ತದೆ. ಕೋನಗಳು ಸಮವಿದ್ದು ಪಿನಿಯನ್ ನೆಮ್ಮದಿಯಾಗಿ ತಿರುಗಿದರೂ ನಡುವಿನ ಕೊಳವೆ ಮಾತ್ರ ಪ್ರತಿ ಸುತ್ತಿಗೂ ಎಳೆದಾಟಕ್ಕೆ ಸಿಕ್ಕಿರುತ್ತದೆ, ಅದರ ಭಾರವೆಲ್ಲ ಕ್ರಾಸಿನ ಸೂಜಿ ಬೇರಿಂಗುಗಳ ಮೇಲೆ ಬೀಳುತ್ತದೆ. ಗಿಡ್ಡ ಜೀಪನ್ನು ಎರಡು ಇಂಚಿಗಿಂತ ಹೆಚ್ಚು ಎತ್ತರಿಸುವುದಾದರೆ ಟ್ರಾನ್ಸ್‌ಫರ್ ಕೇಸಿನ ತುದಿಗೆ ಜೋಡಿ ಕ್ರಾಸಿನ ಜಾಯಿಂಟ್ ಹಾಕಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆಗ ನಿಯಮವೂ ಬದಲಾಗುತ್ತದೆ: ಪಿನಿಯನ್ ಸಮಾಂತರವಾಗಿರುವ ಬದಲು ಹೆಚ್ಚುಕಡಿಮೆ ನೇರವಾಗಿ ಶಾಫ್ಟಿನತ್ತ ಮುಖ ಮಾಡಬೇಕು. ಹಿಂದಿನ ಹೌಸಿಂಗಿನಲ್ಲಿ ಅದನ್ನು ಒಂದೆರಡು ಡಿಗ್ರಿ ಕೆಳಕ್ಕೆ ಬಿಡುವುದು ವಾಡಿಕೆ. ಏರಿನಲ್ಲಿ ಎಳೆಯುವಾಗ ಪಟ್ಟಿಗಳು ತಿರುಚಿಕೊಂಡು ಪಿನಿಯನ್ನಿನ ಮೂಗು ಮೇಲಕ್ಕೇಳುತ್ತದೆ, ಆ ಒಂದೆರಡು ಡಿಗ್ರಿ ಆಗ ಸರಿಹೋಗುತ್ತದೆ.

ಮುಂದಿನ ಹೌಸಿಂಗಿಗೆ ಈ ಉಪಾಯ ಸಲೀಸಾಗಿ ನಡೆಯುವುದಿಲ್ಲ. ಪಿನಿಯನ್ ಮೇಲೆತ್ತಲು ಹೌಸಿಂಗನ್ನೇ ತಿರುಗಿಸಿದರೆ ಅದರ ತುದಿಯಲ್ಲಿರುವ ಸ್ಟಿಯರಿಂಗ್ ಗೆಣ್ಣುಗಳೂ ತಿರುಗುತ್ತವೆ, ಗೆಣ್ಣು ಹಿಂದಕ್ಕೆ ವಾಲಿದ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದು ಆ ಕೋನದಿಂದಲೇ. ಶಾಫ್ಟ್ ಉಳಿಸಲು ಹೋಗಿ ಸ್ಟಿಯರಿಂಗ್ ಕೆಡಿಸಿದರೆ ಘಾಟಿಯ ಇಳಿಜಾರಿನಲ್ಲಿ ಬೆಲೆ ತೆರಬೇಕಾಗುತ್ತದೆ.

ಮೇಲೆ-ಕೆಳಗಿನ ಕೋನವನ್ನಾದರೂ ಜನ ನೋಡುತ್ತಾರೆ, ಎಡ-ಬಲದ್ದು ತಪ್ಪಿಹೋಗುತ್ತದೆ. ವಿಲ್ಲಿಸ್ ಜೀಪಿನ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸಿನಲ್ಲಿ ಹಿಂದಕ್ಕೆ ಹೋಗುವ ಶಾಫ್ಟ್ ನಡುವಿನಿಂದ ಹೊರಡುವುದಿಲ್ಲ, ಬಲಕ್ಕೆ ಸರಿದಿದೆ. ಅದಕ್ಕೆ ಸರಿಯಾಗಿ ಹಿಂದಿನ ಹೌಸಿಂಗಿನಲ್ಲಿ ಹಲ್ಲುಗಾಲಿಗಳಿರುವ ಗುಂಡನ್ನೂ ಬಲಕ್ಕೆ ಸರಿಸಿದ್ದಾರೆ. 1960ರ ದಶಕದಲ್ಲಿ ಬಂದ ಡೇನಾ 20 ಮಾದರಿಯ ಟ್ರಾನ್ಸ್‌ಫರ್ ಕೇಸಿನಲ್ಲಿ ಹಿಂದಿನ ಶಾಫ್ಟ್ ಗೇರ್ ಬಾಕ್ಸಿನ ನೇರಕ್ಕೇ ಬಂತು. ಒಂದರ ಟ್ರಾನ್ಸ್‌ಫರ್ ಕೇಸಿಗೆ ಇನ್ನೊಂದರ ಹೌಸಿಂಗ್ ಸೇರಿಸಿದರೆ ಶಾಫ್ಟ್ ಅಡ್ಡಕ್ಕೂ ಓರೆಯಾಗುತ್ತದೆ. ಮೇಲಿಂದ ಕೆಳಗೆ 10 ಡಿಗ್ರಿ, ಅಡ್ಡಕ್ಕೆ 8 ಡಿಗ್ರಿ ಇದ್ದರೆ ಕ್ರಾಸಿಗೆ ತಟ್ಟುವ ನಿಜವಾದ ಕೋನ ಪೈಥಾಗೊರಸ್ ಪ್ರಮೇಯದಂತೆ ಸುಮಾರು 13 ಡಿಗ್ರಿ. ಗಾಡಿಯ ಪಕ್ಕದಲ್ಲಿ ಕೂತು ಕೋನಮಾಪಕ ಹಿಡಿದವರಿಗೆ ಅದರಲ್ಲಿ ಹತ್ತು ಮಾತ್ರ ಕಾಣುತ್ತದೆ.

ಇನ್ನು ಹಲ್ಲುಗಳ ಲೆಕ್ಕ. ಗುಜರಿಯಿಂದ ತಂದ ಹೌಸಿಂಗ್ ಹೊರಗಿನಿಂದ ಹಳೆಯದರಂತೆಯೇ ಕಾಣಬಹುದು, ಒಳಗಿನ ಕ್ರೌನ್-ಪಿನಿಯನ್, ಅಂದರೆ ದೊಡ್ಡ-ಚಿಕ್ಕ ಹಲ್ಲುಗಾಲಿಗಳ ಜೋಡಿ, ಬೇರೆಯಿರಬಹುದು. 5.38 ಅನುಪಾತವೆಂದರೆ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. 4.88 ಎಂದರೆ 39ಕ್ಕೆ 8. ಹಿಂದೆ 5.38, ಮುಂದೆ 4.88 ಕೂತ ಜೀಪು ಟೂ-ವೀಲಿನಲ್ಲಿ ಏನೂ ತೊಂದರೆಯಿಲ್ಲದೆ ಓಡುತ್ತದೆ. ಫೋರ್-ವೀಲ್ ಹಾಕಿದೊಡನೆ ಹಿಂದಿನ ಚಕ್ರ ನೂರು ಮೀಟರ್ ಉರುಳುವಷ್ಟರಲ್ಲಿ ಮುಂದಿನ ಚಕ್ರ 110 ಮೀಟರ್ ಉರುಳಲು ಹೊರಡುತ್ತದೆ. ಈ ಜೀಪುಗಳಲ್ಲಿ ಮುಂದಕ್ಕೂ ಹಿಂದಕ್ಕೂ ನಡುವೆ ವೇಗದ ವ್ಯತ್ಯಾಸಕ್ಕೆ ಅವಕಾಶ ಕೊಡುವ ಡಿಫರೆನ್ಷಿಯಲ್ ಇಲ್ಲ, ಎರಡೂ ಗಟ್ಟಿಯಾಗಿ ಒಂದಕ್ಕೊಂದು ಬೆಸೆದಿರುತ್ತವೆ. ಕೆಸರಿನಲ್ಲಿ ಟೈರು ಜಾರಿ ವ್ಯತ್ಯಾಸ ಕರಗುತ್ತದೆ. ಟಾರಿನ ಮೇಲೆ ಜಾರಲು ಬಿಡುವಿಲ್ಲ. ಶಾಫ್ಟುಗಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತವೆ, ಫೋರ್-ವೀಲ್ ಲಿವರ್ ಎಷ್ಟು ಎಳೆದರೂ ಬಿಡುವುದಿಲ್ಲ, ಕೊನೆಗೆ ಎಲ್ಲೋ ಒಂದು ಹಲ್ಲು ಹಾರುತ್ತದೆ. ಅನುಪಾತ ಸರಿಯಿದ್ದರೂ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗುವುದರಿಂದ ಸಣ್ಣ ಮಟ್ಟದಲ್ಲಿ ಇದು ಇದ್ದದ್ದೇ. ಟಾರಿನಲ್ಲಿ ಫೋರ್-ವೀಲ್ ಹಾಕಬಾರದು ಎನ್ನುವುದು ಅದಕ್ಕೇ.

ಹೌಸಿಂಗ್ ಬಿಚ್ಚದೆಯೇ ಅನುಪಾತ ತಿಳಿಯಬಹುದು. ಗಾಡಿ ಅಲುಗದಂತೆ ಸ್ಟ್ಯಾಂಡಿಗೆ ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಒಂದು ಚಕ್ರ ಹಿಡಿದು ನಿಲ್ಲಿಸಿ ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಡಿಫರೆನ್ಷಿಯಲ್ ಎರಡೂ ಚಕ್ರಗಳ ಸರಾಸರಿಯಲ್ಲಿ ತಿರುಗುವುದರಿಂದ ಕ್ರೌನ್ ಒಂದು ಸುತ್ತು ಬಂದಿರುತ್ತದೆ. ಶಾಫ್ಟಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಸುತ್ತು ಎಣಿಸಿ: ಐದು ಸುತ್ತು ದಾಟಿ ಮೂರನೇ ಒಂದಕ್ಕಿಂತ ತುಸು ಹೆಚ್ಚಾದರೆ 5.38, ಐದಕ್ಕೆ ಸ್ವಲ್ಪ ಮುಂಚೆಯೇ ನಿಂತರೆ 4.88. ಹಿಂದಿನದನ್ನು ನೋಡಿದ ಮೇಲೆ ಮುಂದಿನದನ್ನೂ ಇದೇ ರೀತಿ ನೋಡಲೇಬೇಕು.

ಹೆಚ್ಚು ಶಕ್ತಿಯ ಎಂಜಿನ್ ಹಾಕುವ ಆಸೆಯ ಬಗ್ಗೆಯೂ ಒಂದು ಲೆಕ್ಕವಿದೆ. ಸಿಜೆ-3ಬಿಯ ಮೂರು ಗೇರಿನ ಡಬ್ಬಿಯಲ್ಲಿ ಮೊದಲ ಗೇರ್ 2.8, ಟ್ರಾನ್ಸ್‌ಫರ್ ಕೇಸಿನ ಲೋ 2.46, ಕ್ರೌನ್-ಪಿನಿಯನ್ 5.38. ಮೂರನ್ನೂ ಗುಣಿಸಿದರೆ 37. ಎಂಜಿನ್ನಿನ ತಿರುಚುಬಲ ಸುಮಾರು 150 ನ್ಯೂಟನ್ ಮೀಟರ್ ಎಂದರೆ ಚಕ್ರಗಳಿಗೆ 5,500 ನ್ಯೂಟನ್ ಮೀಟರ್. 28 ಇಂಚಿನ ಟೈರು ನೆಲವನ್ನು ತಳ್ಳುವ ಬಲ ಲೆಕ್ಕದ ಮೇಲೆ 1,500 ಕಿಲೋಗ್ರಾಂಗೂ ಹೆಚ್ಚಿನ ಭಾರಕ್ಕೆ ಸಮ. ಘರ್ಷಣೆಯಲ್ಲಿ ಒಂದಿಷ್ಟು ಕಳೆದರೂ ಅದು ಬರಿಗಾಡಿಯ ತೂಕವಾದ ಸುಮಾರು ಒಂದು ಟನ್ನಿಗಿಂತ ಹೆಚ್ಚೇ. ಅಂದರೆ ಹಳೇ ಎಂಜಿನ್ನೇ ಲೋ ಗೇರಿನಲ್ಲಿ ಚಕ್ರ ಜಾರಿಸುವಷ್ಟು ಬಲ ಕೊಡುತ್ತದೆ. ಏರಿನಲ್ಲಿ ಹಿಡಿತ ನಿರ್ಧರಿಸುವುದು ಟೈರು ಮತ್ತು ಮಣ್ಣು. ದೊಡ್ಡ ಎಂಜಿನ್ನು ಹೆದ್ದಾರಿಯಲ್ಲಿ ನೆರವಾಗುತ್ತದೆ ನಿಜ, ಲೋ ಗೇರಿನಲ್ಲಿ ಮಾತ್ರ ಸರಪಳಿಯ ಬಲಹೀನ ಕೊಂಡಿಯನ್ನು ಹುಡುಕಿ ಮುರಿಯುತ್ತದೆ. ಹಳೇ ಸಿಜೆಗಳ ಹಿಂದಿನ ಆಕ್ಸಲ್ಲಿನಲ್ಲಿ ಹಬ್ ಬೇರೆ, ಶಾಫ್ಟ್ ಬೇರೆ. ಶಂಕುವಿನಂಥ ತುದಿಗೆ ಹಬ್ ಬಿಗಿದು ನಡುವೆ ಕೀಲಿ ಇಟ್ಟಿರುತ್ತಾರೆ. ಆ ಕೀಲಿ ಕೂರುವ ತೋಡಿನಲ್ಲೇ ಬಿರುಕು ಹುಟ್ಟುವುದು ಸಾಮಾನ್ಯ. ಎಂಜಿನ್ನಿಗೆ ಇಡುವ ದುಡ್ಡಿನಲ್ಲಿ ಮೊದಲ ಪಾಲನ್ನು ಒಂದೇ ತುಂಡಿನ ಫ್ಲಾಂಜ್ ಆಕ್ಸಲ್ಲಿಗೆ ಕೊಡುವುದು ಜಾಣತನ. ಎಂಜಿನ್ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಂತೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದು ಮಾಡಿಸುವುದೂ ಕೆಲಸದ ಭಾಗವೇ.

ವೆಲ್ಡಿಂಗ್ ಬಗ್ಗೆ ಎರಡು ಮಾತು. ಬೇರೆ ಹೌಸಿಂಗಿಗೆ ಪಟ್ಟಿ ಕೂರುವ ಹಲಗೆಗಳನ್ನು ಹೊಸದಾಗಿ ಬೆಸೆಯಬೇಕಾಗುತ್ತದೆ. ಕಾದ ಉಕ್ಕು ಆರುವಾಗ ಕುಗ್ಗಿ ಕೊಳವೆಯನ್ನು ಬೆಸುಗೆಯ ಕಡೆಗೆ ಎಳೆಯುತ್ತದೆ. ಒಂದೇ ಉಸಿರಿಗೆ ಉದ್ದ ಬೆಸುಗೆ ಹಾಕಿದರೆ ಕೊಳವೆ ಬಾಗಿ ಆಕ್ಸಲ್ ಬೇರಿಂಗ್ ಸವೆಯುತ್ತದೆ. ತುಂಡು ತುಂಡಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ನಡುವೆ ಆರಲು ಬಿಟ್ಟು ಬೆಸೆಯಬೇಕು. ನಡುವಿನ ಗುಂಡು ಎರಕದ ಕಬ್ಬಿಣ. ಉಕ್ಕಿನಂತೆಯೇ ಅದನ್ನೂ ಬೆಸೆಯಲು ಹೋದರೆ ಪಕ್ಕದಲ್ಲೇ ಸೀಳುತ್ತದೆ.

ಎಲ್ಲ ಕೂರಿಸಿದ ಮೇಲೂ ಗಾಡಿ ನಡುಗಿದರೆ ನಡುಕದ ವೇಗವೇ ಕಾರಣವನ್ನು ಹೇಳುತ್ತದೆ. 28 ಇಂಚಿನ ಟೈರು, 5.38 ಅನುಪಾತದ ಜೀಪು ಗಂಟೆಗೆ 60 ಕಿಲೋಮೀಟರ್ ಓಡುವಾಗ ಚಕ್ರ ಸೆಕೆಂಡಿಗೆ ಏಳೂವರೆ ಸುತ್ತು, ಪ್ರೊಪೆಲ್ಲರ್ ಶಾಫ್ಟ್ 40 ಸುತ್ತು ತಿರುಗುತ್ತದೆ. ಸೀಟು ನಿಧಾನಕ್ಕೆ ಕುಲುಕಿದರೆ ಟೈರು, ರಿಮ್ ನೋಡಿ. ಸೆಕೆಂಡಿಗೆ 40 ಸಲದ ನಡುಕವಾದರೆ ಶಾಫ್ಟಿನ ಬ್ಯಾಲೆನ್ಸ್ ತಪ್ಪಿದೆ, ಇಲ್ಲವೇ ಕೊಳವೆ ಬಾಗಿದೆ. 80 ಸಲದ ಗುಂಯ್‌ಗುಡುವಿಕೆಯಾದರೆ ಪ್ರತಿ ಸುತ್ತಿಗೆ ಎರಡು ಸಲ ಎಳೆದಾಡುವ ಕ್ರಾಸಿನದೇ ಕೆಲಸ, ಕೋನ ಮತ್ತು ಯೋಕ್‌ಗಳ ನೇರ ಎರಡನ್ನೂ ಮತ್ತೆ ಅಳೆಯಬೇಕು. ಕಂಪನ ಎಣಿಸುವ ಉಚಿತ ಆ್ಯಪ್‌ಗಳು ಮೊಬೈಲಿಗೆ ಸಿಗುತ್ತವೆ. ಪಕ್ಕದಲ್ಲಿ ಕೂತವರು ಫೋನನ್ನು ಸೀಟಿನ ಚೌಕಟ್ಟಿಗೆ ಒತ್ತಿ ಹಿಡಿದರೆ ಈ ಮೂರರಲ್ಲಿ ಯಾವುದು ಎಂದು ಒಂದೇ ಓಡಾಟದಲ್ಲಿ ತಿಳಿಯುತ್ತದೆ.