ಡೋಲಿನವರು ನನ್ನತ್ತ ತಿರುಗಿ ಬಾರಿಸಿದರೆ ಏನು ಮಾಡಲಿ?

ಪ್ರಶ್ನೆ: ಕೆಲಸದ ಮೇಲೆ ನೈಜೀರಿಯಾದ ಲಾಗೋಸ್‌ನಲ್ಲಿದ್ದೇನೆ. ಆಗಸ್ಟ್‌ನಲ್ಲಿ ಒಸೊಗ್ಬೊ ಊರಿನಲ್ಲಿ ನಡೆಯುವ ನದಿದೇವತೆ ಒಶುನ್ ಜಾತ್ರೆಗೆ ಹೋಗುವ ಆಸೆ. ಅಲ್ಲಿ ಡೋಲಿನವರು ಹೊಸಬರನ್ನು ಕಂಡರೆ ಹತ್ತಿರ ಬಂದು ಬಾರಿಸುತ್ತಾರಂತೆ. ಆಗ ಏನು ಮಾಡಬೇಕು?

ಉತ್ತರ: ನಿಂತು ಕೇಳಿ. ಅವರು ಸುಮ್ನೆ ತಾಳ ಹಾಕುತ್ತಿರುವುದಿಲ್ಲ, ನಿಮ್ಮನ್ನು ಮಾತಾಡಿಸುತ್ತಿರುತ್ತಾರೆ.

ಮಾತು ಅಂದರೆ ನಿಜವಾಗಿಯೂ ಮಾತೇ. ಅಲ್ಲಿನವರ ಯೊರುಬಾ ಭಾಷೆಯಲ್ಲಿ ದನಿಯ ಏರಿಳಿತಕ್ಕೆ ತಕ್ಕಂತೆ ಅರ್ಥ ಬದಲಾಗುತ್ತದೆ. ‘ಒಕೊ’ ಅನ್ನುವ ಪದವನ್ನೇ ತಗೊಳ್ಳಿ. ಎರಡೂ ಅಕ್ಷರ ನಡುದನಿಯಲ್ಲಿದ್ದರೆ ಗಂಡ. ಎರಡನೆಯದು ಮೇಲೇರಿದರೆ ಗುದ್ದಲಿ. ಕೆಳಗಿಳಿದರೆ ಗಾಡಿ. ಈ ಏರಿಳಿತವನ್ನು ದುಂದುನ್ ಎಂಬ ಡೋಲು ಹಾಗೇ ಹಿಡಿದು ನುಡಿಯುತ್ತದೆ. ನೋಡೋಕೆ ನಮ್ಮ ಬುಡಬುಡಿಕೆಯನ್ನೇ ಹಿಗ್ಗಿಸಿದ ಹಾಗಿರುತ್ತದೆ: ನಡು ಸಣ್ಣ, ಎರಡು ಬದಿಗೂ ಚರ್ಮ, ಸುತ್ತ ಬಿಗಿದ ಚರ್ಮದ ದಾರಗಳು. ತೋಳಿನಡಿ ಇಟ್ಟು ದಾರ ಅಮುಕಿದರೆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇನ್ನೊಂದು ಕೈಯಲ್ಲಿ ಕೊಕ್ಕೆಯಂತೆ ಬಾಗಿದ ಕೋಲು.

ಹೀಗೆ ನುಡಿಸುವುದರಲ್ಲಿ ಜಾಸ್ತಿ ಬರುವುದು ಒರಿಕಿ, ಅಂದರೆ ಹೊಗಳಿಕೆ: ಮನೆತನದ್ದು, ರಾಜನದ್ದು, ದೈವದ್ದು. ನಿಮ್ಮ ಮನೆತನ ಅವರಿಗೆ ಗೊತ್ತಿರುವುದಿಲ್ಲ, ಆದರೂ ಹೊಗಳುವುದಕ್ಕೇನು! ಹೊಗಳಿಸಿಕೊಂಡು ಹಾಗೇ ನಡೆದುಬಿಡುವುದು ಮಾತ್ರ ಚೆನ್ನಾಗಿರುವುದಿಲ್ಲ. ಹಣೆಗೆ ನೋಟು ಅಂಟಿಸುವುದು ಅಲ್ಲಿನ ಹಳೇ ರೂಢಿ. ನೀವು ಅದಕ್ಕೆ ಕೈ ಹಾಕಬೇಡಿ. 2007ರ ಕೇಂದ್ರ ಬ್ಯಾಂಕ್ ಕಾಯ್ದೆ ಪ್ರಕಾರ ನೈರಾ ನೋಟುಗಳನ್ನು ಎರಚುವುದು, ತುಳಿಯುವುದು ಅಪರಾಧ, ಜೈಲೂ ಆಗಬಹುದು. ಚಿಲ್ಲರೆ ನೋಟು ಮೊದಲೇ ಮಡಚಿಟ್ಟುಕೊಂಡು ಕೈಗೆ ಕೊಡಿ. ವಿಡಿಯೊ ಬೇಕಿದ್ದರೆ ಅದೇ ಹೊತ್ತಿಗೆ ಕೇಳಿ.

ಇನ್ನು ಜಾತ್ರೆ ನಡೆಯುವ, ದೇವತೆಯ ತೋಪು. ಊರಂಚಿಗೆ, ಒಶುನ್ ನದಿಯ ದಡದಲ್ಲಿ 75 ಹೆಕ್ಟೇರ್ ಕಾಡು. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಮರ ಕಡಿಯುವಂತಿಲ್ಲ, ಬೇಟೆಯಿಲ್ಲ, ಮೀನು ಹಿಡಿಯುವಂತಿಲ್ಲ. ಕೊಡಗಿನ ದೇವರಕಾಡು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಒಳಗಿನ ದೊಡ್ಡ ದೊಡ್ಡ ಸಿಮೆಂಟ್ ಮೂರ್ತಿಗಳು ಪುರಾತನವೇನಲ್ಲ. 1950ರಲ್ಲಿ ನೈಜೀರಿಯಾಕ್ಕೆ ಬಂದು, ಒರಿಶಾಗಳ, ಅಂದರೆ ಯೊರುಬಾ ದೈವಗಳ, ಪೂಜಾರಿಣಿಯಾಗಿ, 2009ರಲ್ಲಿ ಒಸೊಗ್ಬೊದಲ್ಲೇ ತೀರಿಕೊಂಡ ಆಸ್ಟ್ರಿಯಾದ ಕಲಾವಿದೆ ಸುಸಾನ್ ವೆಂಗರ್ ಊರಿನ ಕುಶಲಕರ್ಮಿಗಳ ಜೊತೆ ಮಾಡಿದವು. ತೋಪಿನ ಜಾಗ ಒತ್ತುವರಿಯಾಗದಂತೆ ಹೋರಾಡಿದವರೂ ಅವರೇ.

ಜಾತ್ರೆಯ ದೊಡ್ಡ ದಿನ ಅರುಗ್ಬಾ ಎಂಬ ಹುಡುಗಿ ಬಟ್ಟೆ ಮುಚ್ಚಿದ ಕಾಣಿಕೆಯನ್ನು ತಲೆಯ ಮೇಲೆ ಹೊತ್ತು ಅರಮನೆಯಿಂದ ನದಿಗೆ ನಡೆಯುತ್ತಾಳೆ. ಅವಳು ಎಡವಿದರೆ ಊರಿಗೆ ಒಳ್ಳೆಯದಲ್ಲ ಎಂಬ ನಂಬಿಕೆ. ಜನ ತಮ್ಮ ಕಷ್ಟಗಳನ್ನು ಕೂಗಿ ಹೇಳುತ್ತಾರೆ, ಅವಳು ಅದನ್ನೂ ಹೊತ್ತುಕೊಂಡು ಹೋಗಲಿ ಅಂತ. ಫೋಟೊಗಾಗಿ ಅವಳ ದಾರಿಗೆ ಅಡ್ಡ ನುಗ್ಗಬೇಡಿ. ಅಂಚಿನಲ್ಲಿ ನಿಂತರೆ ಡೋಲೂ ಚೆನ್ನಾಗಿ ಕೇಳಿಸುತ್ತದೆ.

ಕೊನೆಗೆ ನದಿಯ ನೀರು. ಭಕ್ತರು ಕುಡಿಯುತ್ತಾರೆ, ಬಾಟಲಿ ತುಂಬಿಕೊಳ್ಳುತ್ತಾರೆ, ನಿಮಗೂ ಕೊಡಬಹುದು. ಆದರೆ ಮೇಲ್ಭಾಗದ ಚಿನ್ನದ ಗಣಿಗಾರಿಕೆಯಿಂದ ಹೊಳೆ ಕಂದು ಬಣ್ಣಕ್ಕೆ ತಿರುಗಿದೆ, ಕುಡಿಯಬೇಡಿ ಎಂದು ಅಧಿಕಾರಿಗಳೇ ಎಚ್ಚರಿಸಿದ್ದಾರೆ. ಬೇಡ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುವ ಬದಲು ಎರಡು ಹನಿ ತಲೆಗೆ ಚಿಮುಕಿಸಿಕೊಳ್ಳಿ.