ಕಾಡಿನ ಲೆಕ್ಕ: ಉಪ್ಪಂಗಳದಿಂದ ಪಿಚ್ಚಾವರಂವರೆಗೆ

ಕೊಡಗಿನ ಕಾಡಿಗೂ ಸಮುದ್ರದಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗೂ ಏನು ನಂಟು ಅಂತ ಕೇಳಿದರೆ ನಾವು ಕಾವೇರಿಯ ಹೆಸರು ಹೇಳುತ್ತೇವೆ. ಸರಿಯೇ. ತಲಕಾವೇರಿಯಿಂದ ಹೊರಟ ನದಿ ಸುಮಾರು 800 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಅದರ ಕವಲು ಕೊಳ್ಳಿಡಂ ಕಡಲಿಗಿಳಿಯುವ ಕಡೆಯೇ ತಮಿಳುನಾಡಿನ ಪಿಚ್ಚಾವರಂನ ಕಾಂಡ್ಲಾ ಕಾಡಿದೆ. ಇನ್ನೊಂದು ನಂಟೂ ಇದೆ. 1955ರಲ್ಲಿ ಶುರುವಾದ ಪುದುಚೇರಿಯ ಫ್ರೆಂಚ್ ಸಂಸ್ಥೆಯ ವಿಜ್ಞಾನಿಗಳು ಎರಡೂ ಕಡೆಯ ಕಾಡನ್ನು ಅಧ್ಯಯನ ಮಾಡಿದ್ದಾರೆ.

ಮೊದಲು ಅವರು ಮಾಡಿದ್ದು ನಕ್ಷೆ. ಫ್ರಾಂಸ್ವಾ ಬ್ಲಾಸ್ಕೊ ಕಾಂಡ್ಲಾ ಕಾಡುಗಳ ಬೆನ್ನು ಹತ್ತಿದರು. ಜಾನ್-ಪಿಯೇರ್ ಪಾಸ್ಕಾಲ್ ಪಶ್ಚಿಮ ಘಟ್ಟದ ಮಳೆಕಾಡುಗಳನ್ನು ಹಿಡಿದರು. ಆದರೆ ಕಾಡು ಎಲ್ಲಿದೆ ಅನ್ನುವುದನ್ನಷ್ಟೇ ನಕ್ಷೆ ಹೇಳುತ್ತದೆ. ಅದು ಹೇಗೆ ಬದುಕುತ್ತದೆ ಅಂತ ತಿಳಿಯಲು ಅದೇ ಮರದ ಹತ್ತಿರ ಮತ್ತೆ ಮತ್ತೆ ಹೋಗಬೇಕು.

1990ರ ಸುಮಾರಿಗೆ ಕೊಡಗಿನ ಕಡಮಕಲ್ಲು ಮೀಸಲು ಅರಣ್ಯದ ಉಪ್ಪಂಗಳದಲ್ಲಿ ಆ ಕೆಲಸ ಶುರುವಾಯಿತು. ಆಗಷ್ಟೇ ಸುತ್ತಲಿನ ಘಟ್ಟದ ಕಾಡುಗಳಲ್ಲಿ ಪ್ಲೈವುಡ್‌ಗೆಂದು ದೊಡ್ಡ ಮರಗಳನ್ನು ಆರಿಸಿ ಕಡಿದಾಗಿತ್ತು. ಕೊಡಲಿ ಬೀಳದ ಜಾಗ ಹುಡುಕಿ, ಮರಕ್ಕೊಂದು ನಂಬರ್ ಕೊಟ್ಟು, ಸುತ್ತಳತೆ ಬರೆದುಕೊಂಡರು. ಬರೀ 3.12 ಹೆಕ್ಟೇರ್‌ನಲ್ಲಿ 91 ಜಾತಿಯ ಮರಗಳು ಸಿಕ್ಕವು! ವರ್ಷಕ್ಕೆ 5,000 ಮಿ.ಮೀ. ದಾಟಿ ಮಳೆ ಸುರಿಯುವ ಜಾಗ ಅದು. ಎಲ್ಲಕ್ಕಿಂತ ಮೇಲೆ ಧೂಮದ ಮರ, ಅದರ ಕೆಳಗೆ ಧೂಪದ ಮರ, ನಡುವೆ ಕಾಡು ಜಾಯಿಕಾಯಿ, ತೀರಾ ಕೆಳಗೆ ಹಾಸಿಗೆ ಮರ. ಈ ಹಾಸಿಗೆ ಮರವನ್ನು ಹತ್ತಿರದಿಂದ ನೋಡಬೇಕು. ಗೆಣ್ಣುಗಳ ನಡುವೆ ಅಲ್ಲಲ್ಲಿ ಕೊಂಬೆ ಉಬ್ಬಿ ಒಳಗೆ ಪೊಳ್ಳಾಗಿರುತ್ತದೆ. ಸಣ್ಣ ತೂತಿನಿಂದ ಇರುವೆಗಳು ಒಳಗೆ ಹೊರಗೆ ಓಡಾಡುತ್ತಿರುತ್ತವೆ.

ಮರ ಕಡಿದ ಫಲ ಕೂಡಲೇ ಕಾಣುವುದಿಲ್ಲ. ಪಿಚ್ಚಾವರಂನಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಅಲ್ಲಿ ದಶಕಗಳ ಕಾಲ ಸರದಿಯಂತೆ ಪಟ್ಟಿ ಪಟ್ಟಿಯಾಗಿ ಕಾಂಡ್ಲಾ ಕಡಿಸಲಾಗಿತ್ತು. ಬೋಳಾದ ನೆಲ ಕುಸಿದು ತಟ್ಟೆಯಂತಾಯಿತು. ಉಬ್ಬರದ ನೀರು ಅಲ್ಲೇ ನಿಂತು, ಬಿಸಿಲಿಗೆ ಆರಿ, ಉಪ್ಪು ಜಾಸ್ತಿಯಾಯಿತು. ಗಿಡ ಮತ್ತೆ ಏಳಲಿಲ್ಲ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಮೇಲೆ ಮೇಲಿನಿಂದ ಬರುವ ಸಿಹಿನೀರೂ ಕಡಿಮೆಯಾಗಿತ್ತು. ಆದರೂ ದೂರು ಬಂದಿದ್ದು ಸೌದೆ ತರುವ, ದನ ಮೇಯಿಸುವ ಊರವರ ಮೇಲೆ. ಇದು ನನಗೆ ತುಂಬಾ ಬೇಸರ ತರುವ ವಿಷಯ. ನೆಲ, ನೀರು, ಉಪ್ಪು ಅಳೆದು ನೋಡಿದ ಮೇಲೆಯೇ ನಿಜವಾದ ಕಾರಣ ಹೊರಬಿತ್ತು. 1990ರ ದಶಕದಲ್ಲಿ ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನ ಮತ್ತು ತಮಿಳುನಾಡು ಅರಣ್ಯ ಇಲಾಖೆ ಊರವರನ್ನು ಸೇರಿಸಿಕೊಂಡು ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿಸಿದವು. ನೀರು ಬಂದು ಹೋಗತೊಡಗಿತು, ನೆಟ್ಟ ಸಸಿಗಳು ನಿಂತವು.

ದೇವರ ಹೆಸರಲ್ಲಿ ಉಳಿಸಿಕೊಂಡ ನಮ್ಮ ಕೊಡಗಿನ ದೇವರಕಾಡುಗಳ ಕಥೆಗೂ ಇಂಥ ಅಳತೆ ಬೇಕು, ಅಲ್ವಾ? 1905ರಲ್ಲಿ 6,000 ಹೆಕ್ಟೇರ್ ದಾಟಿದ್ದ ಅವು 1985ರ ಹೊತ್ತಿಗೆ ಸುಮಾರು 2,400ಕ್ಕೆ ಇಳಿದಿದ್ದವು. ಶೋನಿಲ್ ಭಾಗವತ್ ಮತ್ತು ಪೊನ್ನಂಪೇಟೆ ಅರಣ್ಯ ಕಾಲೇಜಿನ ಸಿ.ಜಿ. ಕುಶಾಲಪ್ಪ ಜೊತೆಗಾರರೊಂದಿಗೆ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಳಿವಿನಂಚಿನ ಕೆಲವು ಮರಗಳು ಮೀಸಲು ಅರಣ್ಯಕ್ಕಿಂತ ದೇವರಕಾಡಿನಲ್ಲೇ ಹೆಚ್ಚು ಕಂಡವು. ಪ್ರತಿ ಊರಿನ ದೇವಸ್ಥಾನ ಸಮಿತಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಬೇಸಿಗೆಯಲ್ಲಿ ತನ್ನ ದೇವರಕಾಡಿನ ಮರಗಳಿಗೆ ನಂಬರ್ ಹಾಕಿ ಅಳೆಯಲು ಶುರು ಮಾಡಬಹುದು. ಬೇಕಾಗುವುದು ಒಂದು ಟೇಪು, ಸ್ವಲ್ಪ ಪೇಂಟು, ಮತ್ತೆ ಮುಂದಿನ ವರ್ಷಕ್ಕೆ ಜೋಪಾನವಾಗಿ ಇಡುವ ಒಂದು ನೋಟ್‌ಬುಕ್ಕು.